ಮೈಸೂರು ವಿಶ್ವವಿದ್ಯಾನಿಲಯವೂ ನಮ್ಮ ಹೆಣ್ಣುಮಕ್ಕಳೂ

ವರ್ಷಂಪ್ರತಿ ಎಸ್. ಎಸ್. ಎಲ್. ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಕೆಲವು ದಿನಗಳಲ್ಲಿ ನಮ್ಮ ಹುಡುಗಿಯರ ತಾಯ್ತಂದೆಗಳು ನಮ್ಮನ್ನು ಕಾಣಲು ಬರುವುದು ವಾಡಿಕೆಯಾಗಿದೆ. ಬಂಟ್ವಾಳದ ಪೇಟೆಯಿಂದಲೂ ಬೆಳ್ತಂಗಡಿಯ ಒಳನಾಡಿನಿಂದಲೂ ಮೂಡುಬಿದಿರೆಯ ಸುತ್ತಣ ಗ್ರಾಮಗಳಿಂದಲೂ ಬರುವ ಇವರೆಲ್ಲರ ಪ್ರಶ್ನೆಯು ಒಂದೇ: ಮುಂದೆ ಏನು ಓದಿಸೋಣ? ಆದರೆ ಉತ್ತರವನ್ನು ಅವರು ಮನೆಯಿಂದಲೇ ತಂದಿರುತ್ತಾರೆ. ಮಗಳು ಬುದ್ಧಿವಂತೆಯಾದರೆ ವಿಜ್ಞಾನ, ಆ ಬಳಿಕ ಪ್ರವೇಶಪರೀಕ್ಷೆಯ ತರಬೇತಿ, ಆ ಬಳಿಕ ವೈದ್ಯಕೀಯವೋ ಎಂಜಿನಿಯರಿಂಗೋ. ಅಂಕಗಳು ಸ್ವಲ್ಪ ಕಡಮೆಯಾದರೆ ವಾಣಿಜ್ಯ, ಹತ್ತಿರದ ಕಾಲೇಜು, ಅನಂತರ ಮದುವೆ. ನಾವು ಹೌದೆನ್ನಬೇಕೆಂಬುದಷ್ಟೇ ಅವರ ನಿರೀಕ್ಷೆ. ವಿಶ್ವವಿದ್ಯಾನಿಲಯವೆಂಬ ಶಬ್ದವು ಈ ಸಂಭಾಷಣೆಗಳಲ್ಲಿ ಕೇಳಿಬರುವುದು ಅಪೂರ್ವ. ಕೇಳಿಬಂದರೂ ಅದು ಅಂಕಪಟ್ಟಿಯ ಮೇಲೆ ಮುದ್ರೆಯೊತ್ತುವ ಒಂದು ದೂರದ ಕಚೇರಿಯ ಹೆಸರಾಗಿ ಮಾತ್ರವೇ ಬರುತ್ತದೆ.

ಇದು ಬೇಸರದ ಸಂಗತಿ. ಏಕೆಂದರೆ ಈ ಮೂರು ಊರುಗಳ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯೇ ಮೂರು ವಿಶ್ವವಿದ್ಯಾನಿಲಯಗಳ ಚರಿತ್ರೆಯಾಗಿದೆ. ನಮ್ಮ ಪೂರ್ವವಿದ್ಯಾರ್ಥಿನಿಯರ ಪೈಕಿ ಒಂದೇ ಮನೆಯ ಮೂರು ತಲೆಮಾರಿನವರು ಪದವೀಧರೆಯರಾಗಿರುವಲ್ಲಿ, ಅವರ ಪ್ರಮಾಣಪತ್ರಗಳನ್ನು ಒಟ್ಟಿಗಿಟ್ಟು ನೋಡಬಹುದು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಓದಿದ ಅಜ್ಜಿಯದು 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಪದವಿ. ನಮ್ಮ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಕಾಲದಲ್ಲಿಯೂ, 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಹೆಣ್ಣುಮಕ್ಕಳಿಗಾಗಿ ಬಾಗಿಲು ತೆರೆದಾಗಲೂ ಪದವಿಯೆಂದರೆ ಮದರಾಸಿನದೇ. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಬಂದುವು. ತಾಯಿಯ ಪದವಿಯು ಮೈಸೂರಿನದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಪ್ರತ್ಯೇಕವಾಯಿತು. ಮಗಳ ಪದವಿಯು ಕೊಣಾಜೆಯದು. ಮನೆ ಒಂದೇ, ಊರು ಒಂದೇ, ಮುದ್ರೆಗಳು ಮಾತ್ರ ಮೂರು. ಈ ಮೂರರಲ್ಲಿ ನಡುವಿನದನ್ನು ಕುರಿತು ನಾವು ಇಲ್ಲಿ ಬರೆಯುತ್ತಿದ್ದೇವೆ. ಉಜಿರೆ, ಮೂಡುಬಿದಿರೆ, ಬಂಟ್ವಾಳಗಳಲ್ಲಿ 1960ರ ದಶಕದಲ್ಲಿ ಹುಟ್ಟಿದ ಕಾಲೇಜುಗಳು ಮೊದಲು ಆಶ್ರಯಿಸಿದ್ದುದು ಅದನ್ನೇ. ಇಂದಾದರೋ ನಮ್ಮ ಮಕ್ಕಳು ಅದನ್ನು ದಸರೆಯ ಊರಿನಲ್ಲಿರುವ ಯಾವುದೋ ಒಂದು ಕಟ್ಟಡವೆಂದೇ ತಿಳಿದಿರುತ್ತಾರೆ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಜುಲೈ 27ರಂದು ಸ್ಥಾಪಿತವಾಯಿತು. ಅದುವರೆಗೆ ಮೈಸೂರಿನ ಮಹಾರಾಜರ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ನಮ್ಮ ಕಾಲೇಜುಗಳಂತೆಯೇ ಮದರಾಸಿನ ಪರೀಕ್ಷೆಗಳಿಗೆ ಅಧೀನವಾಗಿದ್ದುವು. ತನ್ನ ಮಕ್ಕಳು ಏನನ್ನು ಓದಬೇಕೆಂಬುದನ್ನು ಬೇರೊಂದು ಪಟ್ಟಣದಲ್ಲಿ ಕುಳಿತವರು ನಿರ್ಧರಿಸುವುದು ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರ ಬೆಂಬಲದಿಂದ ಅವರ ಸಂಕಲ್ಪವು ನೆರವೇರಿತು. ಭಾರತದಲ್ಲಿ ಇದು ಆರನೆಯ ವಿಶ್ವವಿದ್ಯಾನಿಲಯ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಸ್ಥಾಪಿತವಾದವುಗಳಲ್ಲಿ ಮೊದಲನೆಯದು. ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾದರು. ಅವರ ಬಳಿಕ ಬಂಗಾಳದ ತತ್ತ್ವಜ್ಞರಾದ ಬ್ರಜೇಂದ್ರನಾಥ ಶೀಲರು ಆ ಪೀಠಕ್ಕೆ ಬಂದರು. ಮುಂದೆ ರಾಷ್ಟ್ರಪತಿಗಳಾದ ಎಸ್. ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಮಹಾರಾಜರ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಕಲಿಸಿದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ ತಾವೇ ರೈಲು ನಿಲ್ದಾಣಕ್ಕೆ ಎಳೆದೊಯ್ದರೆಂಬುದು ಪ್ರಸಿದ್ಧವಾದ ಸಂಗತಿ. (ಉಪಾಧ್ಯಾಯರ ದಿನಾಚರಣೆಯ ಭಾಷಣಗಳಲ್ಲಿ ಈ ಗಾಡಿಯನ್ನು ನಮ್ಮ ಹುಡುಗಿಯರು ಪ್ರತಿವರ್ಷವೂ ತಪ್ಪದೆ ಎಳೆಯುವರು, ಅದು ಎಲ್ಲಿ ನಡೆಯಿತೆಂದು ಕೇಳಿದರೆ ಮಾತ್ರ ಮುಖ ಮುಖ ನೋಡುವರು.)

ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇರುವ ಭೇದವನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ತಿಳಿಯದು. ಕಾಲೇಜು ಗೊತ್ತಿರುವುದನ್ನು ಕಲಿಸುತ್ತದೆ. ವಿಶ್ವವಿದ್ಯಾನಿಲಯವು ಅದರೊಡನೆ ಗೊತ್ತಿಲ್ಲದುದನ್ನು ಹುಡುಕಬೇಕು. ಈ ಹುಡುಕಾಟಕ್ಕೆ ಸಂಶೋಧನೆಯೆಂದು ಹೆಸರು. ಸಂಶೋಧನೆಯೆಂದರೆ ಬಿಳಿಯ ಮೇಲಂಗಿ ತೊಟ್ಟು ಗಾಜಿನ ನಳಿಗೆಗಳನ್ನು ಹಿಡಿದಿರುವ ಚಿತ್ರವೇ ನಮ್ಮ ಮಕ್ಕಳ ಕಣ್ಣಿಗೆ ಬರುವುದರಿಂದ ಬೇರೊಂದು ಉದಾಹರಣೆಯನ್ನು ಕೊಡುತ್ತೇವೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓಲೆಗರಿಗಳ ಭಂಡಾರವೊಂದಿದೆ. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುವರು. 1916ರಿಂದ ಅದು ವಿಶ್ವವಿದ್ಯಾನಿಲಯದ ಅಂಗವಾಗಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಒಂದು ಕಟ್ಟನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಬೇರೆ ಗ್ರಂಥಗಳಲ್ಲಿ ಉಲ್ಲೇಖವಿದ್ದುದರಿಂದ ಹೆಸರು ಮಾತ್ರ ತಿಳಿದಿದ್ದು, ಕಳೆದುಹೋಯಿತೆಂದೇ ಎಲ್ಲರೂ ಭಾವಿಸಿದ್ದ ಗ್ರಂಥವದು. 1909ರಲ್ಲಿ ಅವರು ಅದನ್ನು ಮುದ್ರಿಸಿದರು, 1915ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಪ್ರಾಚೀನ ಭಾರತೀಯರಿಗೆ ರಾಜ್ಯಾಡಳಿತದ ವಿಚಾರವೇ ತಿಳಿದಿರಲಿಲ್ಲವೆಂದು ಹೇಳುತ್ತಿದ್ದವರು ತಮ್ಮ ಮಾತನ್ನು ಬದಲಿಸಬೇಕಾಯಿತು. ಒಬ್ಬ ಗ್ರಂಥಪಾಲಕನು ಒಂದು ಕಟ್ಟನ್ನು ಬಿಚ್ಚಿ ತಾಳ್ಮೆಯಿಂದ ಓದಿದುದರ ಫಲವಿದು. ಈ ಕೆಲಸಕ್ಕೆ ಬೇಕಾದುದು ಲಿಪಿಜ್ಞಾನ, ಭಾಷಾಜ್ಞಾನ, ಸಹನೆ. ಇವು ಮೂರೂ ಹೆಣ್ಣುಮಕ್ಕಳಿಗೆ ಅಸಾಧ್ಯವೆಂದು ಯಾರೂ ಹೇಳಲಾರರು.

ಮೂಡುಬಿದಿರೆಯವರಿಗೆ ಓಲೆಗರಿಯ ವಿಷಯವನ್ನು ನಾವು ಹೇಳಬೇಕಾಗಿಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳ ತಾಳೆಯೋಲೆಯ ಪ್ರತಿಗಳು ಹಳಗನ್ನಡದ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಶತಮಾನಗಳವರೆಗೆ ಭದ್ರವಾಗಿದ್ದುವು. ಭಕ್ತರು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು, ಓದುವವರು ವಿರಳವಾಗಿದ್ದರು. ಬಹಳ ಪ್ರಯಾಸದಿಂದ ಪ್ರತಿಗಳನ್ನು ತೆಗೆಸಿ 1939ರಿಂದ ಹೀರಾಲಾಲ ಜೈನರು ಧವಲವನ್ನು ಸಂಪುಟಸಂಪುಟವಾಗಿ ಮುದ್ರಣಕ್ಕೆ ತಂದರು. ಆ ಸಂಪಾದನಕಾರ್ಯದಲ್ಲಿ ಅವರಿಗೆ ನೆರವಾದ ಎ. ಎನ್. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗದವರು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದವರು ಅವರೇ. ಬಸದಿಯ ಬೀದಿಯಲ್ಲಿ ಪ್ರತಿದಿನ ನಡೆದು ಶಾಲೆಗೆ ಬರುವ ನಮ್ಮ ಹುಡುಗಿಗೆ, ತಾನು ಗಾಜಿನ ಹಿಂದೆ ಕಂಡ ಆ ಓಲೆಗಳನ್ನು ಓದುವುದೂ ಒಂದು ವಿದ್ಯೆಯೆಂದು, ಅದಕ್ಕೊಂದು ವಿಭಾಗವಿದೆಯೆಂದು, ಅದರಲ್ಲಿ ಎಂ. ಎ. ಪದವಿಯನ್ನೂ ಪಿಎಚ್. ಡಿ.ಯನ್ನೂ ಪಡೆಯಬಹುದೆಂದು ಹೇಳುವವರು ಎಷ್ಟು ಮಂದಿ? ಹೇಳಿದರೆ, ಅದರಿಂದ ಹೊಟ್ಟೆ ತುಂಬುವುದೇ ಎಂದು ಮನೆಯವರು ಕೇಳುವರು. ಆ ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಮುಂದೆ ಬರುತ್ತೇವೆ.

ಕನ್ನಡಕ್ಕೆ ಈ ವಿಶ್ವವಿದ್ಯಾನಿಲಯವು ಮಾಡಿದ ಸೇವೆಯನ್ನು ಬರೆಯಹೊರಟರೆ ಸಂಚಿಕೆಯೇ ಸಾಲದು. ಕನ್ನಡದಲ್ಲಿ ಎಂ. ಎ. ತರಗತಿಯು ಇಲ್ಲಿ 1927ರಲ್ಲಿ ಮೊದಲಾಯಿತು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕಾಗಿ ಊರೂರು ತಿರುಗಿ ಭಾಷಣಮಾಡಿದರು, ಟಿ. ಎಸ್. ವೆಂಕಣ್ಣಯ್ಯನವರು ಮೊದಲ ಕನ್ನಡ ಪ್ರಾಧ್ಯಾಪಕರಾದರು. 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂತು. 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರು, ಅಲ್ಲಿಯೇ ಓದಿ ಆ ಪೀಠವನ್ನೇರಿದವರಲ್ಲಿ ಮೊದಲಿಗರು. ಕುಕ್ಕರಹಳ್ಳಿ ಕೆರೆಯ ಬಳಿಯ ವಿಶಾಲವಾದ ನೆಲದಲ್ಲಿ ಸ್ನಾತಕೋತ್ತರ ವಿಭಾಗಗಳನ್ನು ಒಂದೆಡೆಗೆ ತರುವ ಯೋಜನೆಯನ್ನು ಹಾಕಿ, ಅದಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರು ಅವರೇ. ಉನ್ನತ ವಿದ್ಯೆಯು ಕನ್ನಡದಲ್ಲಿಯೇ ದೊರೆಯಬೇಕೆಂದು ಅವರು ಹಟ ಹಿಡಿದುದರಿಂದಲೇ, ಹಳ್ಳಿಯ ಶಾಲೆಯಲ್ಲಿ ಓದಿದವಳೂ ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ತನ್ನ ಭಾಷೆಯಲ್ಲಿ ಬರೆದು ತೇರ್ಗಡೆಯಾಗುವುದು ಸಾಧ್ಯವಾಯಿತು. ಮುಂದೆ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಹುಟ್ಟಿ, 1969ರಿಂದ ಕನ್ನಡ ವಿಶ್ವಕೋಶದ 14 ಸಂಪುಟಗಳನ್ನು ಹೊರತಂದಿತು. ಜಯಲಕ್ಷ್ಮೀವಿಲಾಸದ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಏರ್ಪಡಿಸಲಾಯಿತು; ಜಾನಪದವೇ ಒಂದು ಎಂ. ಎ. ವಿಷಯವಾಯಿತು. ಗದ್ದೆಯಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡುವ ಅಜ್ಜಿಯಿರುವ ಮನೆಗಳು ಬೆಳ್ತಂಗಡಿಯಲ್ಲಿ ಇನ್ನೂ ಕೆಲವು ಇವೆ. ಅಜ್ಜಿಯ ಹಾಡಿಗೆ ಶಾಸ್ತ್ರದ ಮರ್ಯಾದೆಯುಂಟೆಂದು ಮೊಮ್ಮಗಳು ತಿಳಿಯಬೇಡವೇ?

ವಿಜ್ಞಾನದವರು ನಮ್ಮನ್ನು ಪಕ್ಷಪಾತಿಗಳೆನ್ನದಿರಲಿ. ಭಾರತರತ್ನ ಸಿ. ಎನ್. ಆರ್. ರಾಯರ ಬಿ. ಎಸ್ಸಿ. ಪದವಿಯು ಮೈಸೂರು ವಿಶ್ವವಿದ್ಯಾನಿಲಯದ್ದೇ. ಸೆಂಟ್ರಲ್ ಕಾಲೇಜು ಆಗ ಅದಕ್ಕೆ ಸೇರಿತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಸ್ವಂತ ಖರ್ಚಿನಿಂದ ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹರಡಿತು.

ಹೆಣ್ಣುಮಕ್ಕಳ ಮಾತಿಗೆ ಬರೋಣ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು 1881ರಲ್ಲಿ ಆರಂಭವಾಗಿ ಕ್ರಮೇಣ ಕಾಲೇಜಾಗಿ ಬೆಳೆಯಿತು. ಆದುದರಿಂದ 1916ರಲ್ಲಿ ವಿಶ್ವವಿದ್ಯಾನಿಲಯವು ಬಂದಾಗ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವ ಸ್ಥಿತಿಯಲ್ಲಿರಲಿಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಗಣಿತದಲ್ಲಿ ಈ ವಿಶ್ವವಿದ್ಯಾನಿಲಯದ ಎಂ. ಎಸ್ಸಿ. ಪದವಿಯನ್ನು ಪಡೆದು, 1943ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರಕಾರದ ವಿದ್ಯಾರ್ಥಿವೇತನದಿಂದ ಅಮೆರಿಕೆಗೆ ಹೋಗಿ ಡಾಕ್ಟರೇಟು ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗಗಳ ವಿಷಯದ ಪ್ರಾಧ್ಯಾಪಕಿಯಾದರು. ಕಾದಂಬರಿಕಾರ್ತಿ ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದವರು; ಹೆಂಗಸರ ಮಾನಸಿಕ ವ್ಯಾಧಿಯನ್ನು ದೆವ್ವವೆಂದು ಹೇಳುತ್ತಿದ್ದ ಕಾಲದಲ್ಲಿ ಅದನ್ನು ವ್ಯಾಧಿಯೆಂದೇ ಕಂಡು ಬರೆಯುವ ಧೈರ್ಯವು ಆ ಓದಿನಿಂದಲೂ ಬಂದಿರಬೇಕೆಂದು ನಾವು ಎಣಿಸುತ್ತೇವೆ. ಮುಂದೆ ಸೆಲ್ವಿ ದಾಸ್ ಅವರು ಇದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ಇವರಿಗೆಲ್ಲ ಸಾಧ್ಯವಾದುದು ಪಾಣೆಮಂಗಳೂರಿನ ಹುಡುಗಿಗೆ ಏಕೆ ಅಸಾಧ್ಯವೆಂಬುದು ನಮಗೆ ಅರ್ಥವಾಗುವುದಿಲ್ಲ.

ಆದರೂ ಇಂದಿನ ಸ್ಥಿತಿಯನ್ನು ಮುಚ್ಚಿಟ್ಟು ಬರೀ ಹಿಂದಿನ ವೈಭವವನ್ನು ಬಣ್ಣಿಸುವುದು ವಂಚನೆಯಾದೀತು. 1916ರಲ್ಲಿ ಇಡಿಯ ಸಂಸ್ಥಾನಕ್ಕೆ ಒಂದೇ ಆಗಿದ್ದ ವಿಶ್ವವಿದ್ಯಾನಿಲಯದಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಬೇರೆಯಾದುವು. ಅಂಚೆ ಶಿಕ್ಷಣವು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಗಿ ಹೊರಟಿತು. ವೈದ್ಯಕೀಯ ಕಾಲೇಜುಗಳೂ ಎಂಜಿನಿಯರಿಂಗ್ ಕಾಲೇಜುಗಳೂ 1990ರ ದಶಕದಲ್ಲಿ ಹುಟ್ಟಿದ ಬೇರೆ ವಿಶ್ವವಿದ್ಯಾನಿಲಯಗಳ ಪಾಲಾದುವು. ಆದುದರಿಂದ ಡಾಕ್ಟರಾಗಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಬೇಕೆಂದು ಕೇಳುವವರು ಅದನ್ನು ಬಿಡಬೇಕು. ರಾಜ್ಯದ ಇತರ ಸರಕಾರೀ ವಿಶ್ವವಿದ್ಯಾನಿಲಯಗಳಲ್ಲಿರುವಂತೆ ಇಲ್ಲಿಯೂ ನಿವೃತ್ತರಾದ ಪ್ರಾಧ್ಯಾಪಕರ ಎಷ್ಟೋ ಸ್ಥಾನಗಳು ತುಂಬದೆ ಉಳಿದಿವೆ. ಅತಿಥಿ ಉಪನ್ಯಾಸಕರಿಂದ ಕೆಲಸ ಸಾಗುತ್ತದೆ. ಹಳೆಯ ಕಟ್ಟಡಗಳು ದುರಸ್ತಿಗಾಗಿ ಮತ್ತೆ ಮತ್ತೆ ಮೊರೆಯಿಡುತ್ತಿವೆ. ವಿಭಾಗವೊಂದನ್ನು ಆರಿಸುವ ಮೊದಲು ಅಲ್ಲಿ ಈಗ ಕಲಿಸುವವರು ಯಾರು, ಖಾಯಂ ಪ್ರಾಧ್ಯಾಪಕರು ಎಷ್ಟು ಮಂದಿ, ಸಂಶೋಧನೆಗೆ ಮಾರ್ಗದರ್ಶನ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿಯೇ ಸೇರಬೇಕು. ದೊಡ್ಡ ಹೆಸರು ತಾನಾಗಿ ಪಾಠ ಹೇಳುವುದಿಲ್ಲ.

ಎರಡು ಸಂಸ್ಥೆಗಳ ವಿಷಯವನ್ನು ಮಾತ್ರ ಇಲ್ಲಿ ವಿಶೇಷವಾಗಿ ಹೇಳಬೇಕು. ಏಕೆಂದರೆ ಇವು ಹೊಟ್ಟೆಯ ಪ್ರಶ್ನೆಗೆ ನೇರವಾದ ಉತ್ತರಗಳಾಗಿವೆ, ಮತ್ತು ನಮ್ಮ ಕಡೆಯಲ್ಲಿ ಇವುಗಳ ಹೆಸರು ಕೇಳಿದವರು ಕಡಮೆ. ಮಾನಸಗಂಗೋತ್ರಿಯಲ್ಲಿ 1963ರಿಂದ ಕೇಂದ್ರಸರಕಾರದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೊಂದಿದೆ. ಪದವಿಯನ್ನೂ ಬಿ. ಎಡ್. ತರಬೇತಿಯನ್ನೂ ಒಟ್ಟಾಗಿ 4 ವರ್ಷಗಳಲ್ಲಿ ಕೊಡುವ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿದುದು ಇಂತಹ ಸಂಸ್ಥೆಗಳಿಂದಲೇ. ಪದವಿಯನ್ನು ಮೈಸೂರು ವಿಶ್ವವಿದ್ಯಾನಿಲಯವೇ ಕೊಡುತ್ತ ಬಂದಿದೆ. ಪ್ರವೇಶವು ಅಖಿಲ ಭಾರತ ಪರೀಕ್ಷೆಯ ಮೂಲಕ, ಪಿ. ಯು. ಸಿ.ಯ ಎರಡನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬೇಕು. ತರಬೇತಿ ಪಡೆದ ಉಪಾಧ್ಯಾಯಿನಿಯಾಗಿ ನಾವು ಹೇಳುತ್ತೇವೆ: ಮೊದಲು 3 ವರ್ಷ ವಿಷಯವನ್ನು ಕಲಿತು ಮರೆತು, ಅನಂತರ ಕಲಿಸುವ ಬಗೆಯನ್ನು ಬೇರೆಯಾಗಿ ಕಲಿಯುವುದಕ್ಕಿಂತ ಎರಡನ್ನೂ ಜೊತೆಜೊತೆಯಾಗಿ ಕಲಿಯುವುದು ಎಷ್ಟೋ ಮೇಲು. ಗಣಿತವನ್ನೂ ವಿಜ್ಞಾನವನ್ನೂ ಚೆನ್ನಾಗಿ ಕಲಿಸಬಲ್ಲ ಉಪಾಧ್ಯಾಯಿನಿಯರಿಗಾಗಿ ನಮ್ಮ ಜಿಲ್ಲೆಯ ಶಾಲೆಗಳು ಹುಡುಕಾಡುತ್ತಿರುವುದು ನಮಗೆ ಪ್ರತಿ ಮೇ ತಿಂಗಳಲ್ಲಿಯೂ ಅನುಭವಕ್ಕೆ ಬರುತ್ತದೆ. ಎರಡನೆಯದು 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ, ಕಿವಿ ಕೇಳದವರ ಶ್ರವಣವನ್ನು ಪರೀಕ್ಷಿಸಿ ಸಾಧನಗಳನ್ನು ಹೊಂದಿಸುವ ವಿದ್ಯೆಯದು; ಇದರ ಪದವಿಯೂ ಮೈಸೂರು ವಿಶ್ವವಿದ್ಯಾನಿಲಯದ್ದೇ. ಇದನ್ನು ಓದಿದವರಿಗೆ ಆಸ್ಪತ್ರೆಗಳಲ್ಲಿಯೂ ವಿಶೇಷ ಶಾಲೆಗಳಲ್ಲಿಯೂ ವಿದೇಶಗಳಲ್ಲಿಯೂ ಕೆಲಸವುಂಟು. ನರ್ಸಿಂಗ್ ಒಂದನ್ನೇ ಸೇವೆಯ ದಾರಿಯೆಂದು ತಿಳಿದಿರುವ ಮನೆಗಳವರು ಇದನ್ನೂ ಆಲೋಚಿಸಬೇಕು.

ಕೊಣಾಜೆಯು ಬಾಗಿಲಲ್ಲಿಯೇ ಇರುವಾಗ ಘಟ್ಟ ಹತ್ತಬೇಕೇಕೆ ಎಂದು ನಮ್ಮ ಸಹೋದ್ಯೋಗಿಗಳಲ್ಲಿಯೇ ಕೆಲವರು ಆಕ್ಷೇಪಿಸಿದರು. ಕೊಣಾಜೆಯ ಮಂಗಳಗಂಗೋತ್ರಿಯ ಬೀಜವನ್ನು ಬಿತ್ತಿದುದೂ ಮೈಸೂರೇ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು, ಎಸ್. ವಿ. ಪರಮೇಶ್ವರ ಭಟ್ಟರು ಕನ್ನಡ ವಿಭಾಗವನ್ನು ಕಟ್ಟಿ ಬೆಳೆಸಿದರು. ನಮ್ಮ ಎಷ್ಟೋ ಉಪಾಧ್ಯಾಯಿನಿಯರು ಅಲ್ಲಿ ಓದಿದವರು. ಆದುದರಿಂದ ಕೊಣಾಜೆಯನ್ನು ಕೀಳೆಣಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಅಭಿಪ್ರಾಯವು ಇಷ್ಟೇ: ಮೊದಲ ಪದವಿಯನ್ನು ಮನೆಯ ಹತ್ತಿರದ ಕಾಲೇಜಿನಲ್ಲಿ ಓದಲಿ, ಅದಕ್ಕಾಗಿ ಇಪ್ಪತ್ತರೊಳಗಿನ ಹುಡುಗಿಯು ದೂರ ಹೋಗಬೇಕಾದ ಅಗತ್ಯ ಬಹುತೇಕ ಇಲ್ಲ. ಎಂ. ಎ.ಯನ್ನೋ ಎಂ. ಎಸ್ಸಿ.ಯನ್ನೋ ಓದುವ ಹೊತ್ತಿಗೆ ವಿಷಯವನ್ನು ನೋಡಿ ಊರನ್ನು ಆರಿಸಬೇಕು, ಊರನ್ನು ನೋಡಿ ವಿಷಯವನ್ನಲ್ಲ. ತನಗೆ ಬೇಕಾದ ವಿಷಯವು ಕೊಣಾಜೆಯಲ್ಲಿ ಚೆನ್ನಾಗಿದ್ದರೆ ಅಲ್ಲಿಗೇ ಹೋಗಲಿ. ಪ್ರಾಕೃತವೋ ಜಾನಪದವೋ ವಾಕ್ಚಿಕಿತ್ಸೆಯೋ ಬೇಕಾದವಳನ್ನು, ಬಸ್ಸು ಮನೆಯ ಮುಂದೆ ನಿಲ್ಲುತ್ತದೆಂಬ ಒಂದೇ ಕಾರಣದಿಂದ ವಾಣಿಜ್ಯಶಾಸ್ತ್ರಕ್ಕೆ ಸೇರಿಸುವುದನ್ನು ನಾವು ಒಪ್ಪಲಾರೆವು. ನಾಡಿನ ಮೂಲೆಮೂಲೆಗಳಿಂದ ಹೆಣ್ಣುಮಕ್ಕಳು ಮೂಡುಬಿದಿರೆಯ ಹಾಸ್ಟೆಲುಗಳಿಗೆ ಬಂದು ಓದುತ್ತಿರುವುದನ್ನು ನಾವು ದಿನವೂ ಕಾಣುತ್ತೇವೆ. ಕಲಬುರ್ಗಿಯ ತಂದೆಗಿರುವ ಧೈರ್ಯವು ಮೂಡುಬಿದಿರೆಯ ತಂದೆಗೆ ಇಲ್ಲವೇ?

ದೂರದ ಭಯವು ಹಿಂದಿನಷ್ಟು ಸಕಾರಣವಾಗಿ ಉಳಿದಿಲ್ಲ. ಮೈಸೂರಿಗೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯು ಹೊರಡುವುದೇ ಬಂಟ್ವಾಳದಿಂದ: ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ ಘಟ್ಟ, ಮಡಿಕೇರಿ, ಹುಣಸೂರು. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ತಲಪಬಹುದು. ಮಳೆಗಾಲದಲ್ಲಿ ಘಟ್ಟ ಕುಸಿದು ದಾರಿ ನಿಲ್ಲುವುದುಂಟು, 2018ರಲ್ಲಿ ಕೊಡಗಿನಲ್ಲಿ ಆದುದನ್ನು ಯಾರೂ ಮರೆತಿಲ್ಲ. ಅಂತಹ ದಿನಗಳಲ್ಲಿ ಹಾಸ್ಟೆಲಿನಲ್ಲಿಯೇ ಉಳಿಯುವುದು ಜಾಣತನ. 2023ನೆಯ ಜೂನ್ 11ರಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣವು ಉಚಿತವಾಗಿರುವುದರಿಂದ, ಬಸ್ಸಿನ ಹಣಕ್ಕಾಗಿ ಓದು ನಿಂತಿತೆಂದು ಹೇಳುವಂತಿಲ್ಲ. ಸರಕಾರೀ ವಿಶ್ವವಿದ್ಯಾನಿಲಯದ ಶುಲ್ಕವು ಖಾಸಗಿಯವರ ಶುಲ್ಕದ ಮುಂದೆ ಅಲ್ಪವೇ ಸರಿ. ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ನಿಲಯಗಳಿವೆ. ಊಟವು ಮನೆಯಂತಿರುವುದಿಲ್ಲ, ಕುಚ್ಚಲಕ್ಕಿಯನ್ನು ಅಲ್ಲಿ ನಿರೀಕ್ಷಿಸಬಾರದು.

ಉಳಿದ ಭಯವನ್ನು ತಾಯಂದಿರು ಬಾಯಿಬಿಟ್ಟು ಹೇಳುವುದಿಲ್ಲ, ಆದರೂ ನಮಗೆ ತಿಳಿದಿದೆ: ಹೆಚ್ಚು ಓದಿದ ಹುಡುಗಿಗೆ ವರ ಸಿಕ್ಕುವುದಿಲ್ಲ. ನಮ್ಮ ಅನುಭವದಲ್ಲಿ ಕಷ್ಟಕ್ಕೆ ಸಿಕ್ಕಿದವರು ಹೆಚ್ಚು ಓದಿದವರಲ್ಲ. ಗಂಡನು ತೀರಿಹೋದ ಮೇಲೆ, ಅಥವಾ ಕೊಲ್ಲಿಯ ದೇಶದ ನೌಕರಿಯು ನಿಂತು ಆತನು ಬರಿಗೈಯಲ್ಲಿ ಮರಳಿದ ಮೇಲೆ, ಇಪ್ಪತ್ತು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಗಿಸುವುದು ಹೇಗೆಂದು ಕೇಳಿಕೊಂಡು ಬಂದ ಹಳೆಯ ವಿದ್ಯಾರ್ಥಿನಿಯರನ್ನು ನಾವು ಕಂಡಿದ್ದೇವೆ. ಅವರಲ್ಲಿ ಒಬ್ಬರಿಗೂ, ನೀವು ಹೆಚ್ಚು ಓದಿದಿರಿ ಎಂದು ಹೇಳುವ ಸಂದರ್ಭವು ನಮಗೆ ಒದಗಲಿಲ್ಲ.

ಈ ಲೇಖನವನ್ನು ಓದುವ ಪೂರ್ವವಿದ್ಯಾರ್ಥಿನಿಯರಲ್ಲಿ ಮೈಸೂರಿನಲ್ಲಿ ಓದಿದವರೂ ಈಗ ಅಲ್ಲಿ ನೆಲಸಿರುವವರೂ ಇದ್ದೀರಿ. ನಿಮ್ಮ ಹೆಸರು, ಓದಿದ ವಿಭಾಗ, ಇದ್ದ ನಿಲಯ, ಇವನ್ನು ಶಾಲೆಯ ಕಚೇರಿಗೆ ಬರೆದು ತಿಳಿಸಬೇಕೆಂದು ಬೇಡುತ್ತೇವೆ. ಹೊಸದಾಗಿ ಹೋಗುವ ಹುಡುಗಿಯು ಬಸ್ಸಿಳಿದಾಗ ಕರೆದುಕೊಂಡು ಹೋಗುವವರೊಬ್ಬರು, ಮೊದಲ ಭಾನುವಾರ ಮನೆಗೆ ಕರೆದು ಊಟಕ್ಕಿಡುವವರೊಬ್ಬರು ಅಲ್ಲಿದ್ದಾರೆಂದು ನಾವು ತಾಯಿಗೆ ಹೇಳುವಂತಾದರೆ, ಬೆಂಚಿನಲ್ಲಿ ಕುಳಿತ ಆಕೆಯ ಉತ್ತರವು ಬೇರೆಯಾಗಬಹುದು. ಪಟ್ಟಿಯನ್ನು ಶಾಲೆಯ ಪುಸ್ತಕಭಂಡಾರದಲ್ಲಿ ಇಡುತ್ತೇವೆ. ಶನಿವಾರಗಳಂದು ಮಧ್ಯಾಹ್ನದವರೆಗೆ ಯಾರಾದರೂ ಬಂದು ನೋಡಬಹುದು.